ಭೂಮಿಯ ಬಿಸಿ ಹೆಚ್ಚಿಸದ ಕಾರು: ಇದರಲ್ಲಿ ರೈತರ ಪಾಲೇನು?

ಕಾರಿಗೂ ರೈತನ ಹೊಲಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧ ಎರಡು ಬಗೆಯದು. ಕಾರು, ಬಸ್ಸು, ಲಾರಿಗಳು ಬಿಡುವ ಹೊಗೆಯೂ ಸೇರಿ ವಾತಾವರಣದ ಬಿಸಿ ಏರುತ್ತಿದೆ. ಬಿಸಿ ಏರಿದಂತೆ ಮಳೆಯ ಹದ ತಪ್ಪುತ್ತದೆ. ಅದರ ಪೆಟ್ಟು ಮೊದಲು ಬೀಳುವುದು ಬೇಸಾಯಗಾರನ ಮೇಲೆ. ಇದು ಒಂದು. ಆ ಹೊಗೆಯನ್ನು ತಗ್ಗಿಸಲು ಇಂದು ಹುಡುಕುತ್ತಿರುವ ಇಂಧನಗಳಲ್ಲಿ ಹೆಚ್ಚಿನವು ರೈತನ ಕಬ್ಬು, ಮುಸುಕಿನ ಜೋಳ, ಸಗಣಿ ಅಥವಾ ಜಮೀನಿನಿಂದಲೇ ಬರಬೇಕಾಗಿವೆ. ಇದು ಎರಡನೆಯದು. ಆದುದರಿಂದ ಯಾವ ಕಾರು ನಿಜವಾಗಿ ಭೂಮಿಯ ಬಿಸಿ ಹೆಚ್ಚಿಸದು ಎಂಬುದನ್ನು ರೈತರೂ ಲೆಕ್ಕ ಹಾಕಿ ತಿಳಿಯುವುದು ಅಗತ್ಯ.

ಹೊಗೆಯ ಲೆಕ್ಕ

ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ ತೂಗುತ್ತದೆ. ಅದರಲ್ಲಿ ಸುಮಾರು 640 ಗ್ರಾಂ ಇಂಗಾಲವೇ ಇರುತ್ತದೆ. ಉರಿಯುವಾಗ ಈ ಇಂಗಾಲವು ಗಾಳಿಯಲ್ಲಿನ ಆಮ್ಲಜನಕದೊಡನೆ ಸೇರುವುದರಿಂದ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಲೀಟರಿಗೆ 18 ಕಿ.ಮೀ. ಓಡುವ ಕಾರು 100 ಕಿ.ಮೀ. ಹೋಗಿಬಂದರೆ ಸುಮಾರು 13 ಕಿಲೋ ಅನಿಲ ಬಿಟ್ಟಂತಾಯಿತು. ಕಚ್ಚಾ ತೈಲವನ್ನು ತೆಗೆದು, ಶುದ್ಧಿಮಾಡಿ, ಬಂಕಿಗೆ ತರುವ ಖರ್ಚನ್ನೂ ಸೇರಿಸಿದರೆ ಇದು 15 ಕಿಲೋವನ್ನು ಮುಟ್ಟುತ್ತದೆ.

ಈ ಅನಿಲ ಭೂಮಿಗೆ ಕಂಬಳಿ ಹೊದಿಸಿದಂತೆ ಕೆಲಸ ಮಾಡುತ್ತದೆ. ಬಿಸಿಲಿನಿಂದ ಬಂದ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡದೆ ತಡೆಯುತ್ತದೆ. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಅಳೆದಾಗ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇದು ಸುಮಾರು 315 ಪಾಲು ಇತ್ತು. 2024ರಲ್ಲಿ 420ನ್ನು ದಾಟಿತ್ತು. ಕಂಬಳಿ ದಪ್ಪವಾಗುತ್ತ ಬಂದಿದೆ.

ಕಬ್ಬಿನಿಂದ ಎಥನಾಲ್

ಎಥನಾಲ್ ಉರಿದಾಗಲೂ ಇದೇ ಅನಿಲ ಹೊರಬರುತ್ತದೆ. ಆದರೆ ಆ ಇಂಗಾಲವನ್ನು ಕಬ್ಬು ಅದೇ ವರ್ಷ ಗಾಳಿಯಿಂದ ಹೀರಿಕೊಂಡಿರುತ್ತದೆ. ತೆಗೆದುಕೊಂಡದ್ದನ್ನೇ ಹಿಂದಕ್ಕೆ ಕೊಟ್ಟಂತೆ. ಪೆಟ್ರೋಲಿನ ಇಂಗಾಲವಾದರೋ ಕೋಟ್ಯಂತರ ವರ್ಷ ನೆಲದಡಿ ಹುದುಗಿದ್ದದ್ದು. ಗಾಳಿಗೆ ಅದು ಹೊಸ ಸೇರ್ಪಡೆ. ಎಥನಾಲಿನ ಹೆಚ್ಚುಗಾರಿಕೆ ಇರುವುದು ಇಲ್ಲಿ.

ಬ್ರೆಜಿಲ್ ದೇಶವು 1975ರಲ್ಲೇ ಈ ದಾರಿ ಹಿಡಿಯಿತು. ಎಷ್ಟು ಪ್ರಮಾಣದಲ್ಲಿ ಬೆರೆಸಿದರೂ ಓಡುವ ಕಾರುಗಳು ಅಲ್ಲಿ 2003ರಿಂದ ಮಾರಾಟದಲ್ಲಿವೆ. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವ ಕಾರ್ಯಕ್ರಮ 2003ರಲ್ಲಿ ಆರಂಭವಾಗಿ, 2022ರಲ್ಲಿ ಶೇಕಡಾ 10ಕ್ಕೂ 2025ರಲ್ಲಿ ಶೇಕಡಾ 20ಕ್ಕೂ ಮುಟ್ಟಿತು.

ಆದರೂ ಕಬ್ಬು ಪುಕ್ಕಟೆಯಾಗಿ ಬೆಳೆಯುವುದಿಲ್ಲ ಎಂಬುದು ರೈತರಿಗೆ ಹೇಳಿಕೊಡಬೇಕಾದ ಮಾತಲ್ಲ. ಯೂರಿಯಾ ತಯಾರಿಸಲು ನೈಸರ್ಗಿಕ ಅನಿಲ ಬೇಕು; ಉಳುಮೆಗೆ ಡೀಸೆಲ್, ಪಂಪ್‌ಸೆಟ್ಟಿಗೆ ವಿದ್ಯುತ್ ಬೇಕು. ಹಾಕಿದ ಸಾರಜನಕದ ಒಂದು ಅಂಶ ನೈಟ್ರಸ್ ಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಇದರ ಬಿಸಿ ಇಂಗಾಲದ ಡೈ ಆಕ್ಸೈಡಿನ 270 ಪಟ್ಟು. ಇನ್ನು ನೀರಿನ ಮಾತು. ಒಂದು ಎಕರೆ ಕಬ್ಬಿಗೆ ಮಳೆಯೂ ಸೇರಿ 2,000 ಮಿ.ಮೀ. ನೀರು ಬೇಕೆಂದರೆ ಸುಮಾರು 80 ಲಕ್ಷ ಲೀಟರ್ ಆಯಿತು. ಎಕರೆಗೆ 40 ಟನ್ ಇಳುವರಿ, ಟನ್ನಿಗೆ 70 ಲೀಟರ್ ಎಥನಾಲ್ ಎಂದು ಹಿಡಿದರೆ ಸಿಗುವುದು 2,800 ಲೀಟರ್. ಅಂದರೆ ಒಂದು ಲೀಟರ್ ಎಥನಾಲಿನ ಹಿಂದೆ ಸುಮಾರು 2,900 ಲೀಟರ್ ನೀರು.

ಈ ನೀರು ಕೈಕೊಟ್ಟರೆ ಏನಾಗುವುದೆಂಬುದನ್ನು 2023ನೇ ಇಸವಿ ತೋರಿಸಿಕೊಟ್ಟಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಲಾಯಿತು. ಕಬ್ಬಿನ ಇಳುವರಿ ತಗ್ಗಿ ಸಕ್ಕರೆಗೆ ಅಭಾವ ಬಂದೀತೆಂದು ಕೇಂದ್ರ ಸರ್ಕಾರವು ಡಿಸೆಂಬರಿನಲ್ಲಿ ಕಬ್ಬಿನ ರಸದಿಂದ ಎಥನಾಲ್ ಮಾಡುವುದಕ್ಕೆ ನಿರ್ಬಂಧ ಹಾಕಿತು. ಅದು ಸಡಿಲವಾದದ್ದು 2024ರ ಆಗಸ್ಟಿನಲ್ಲಿ. ಬರವನ್ನು ತಡೆಯಲೆಂದು ನೆಚ್ಚಿಕೊಂಡ ಇಂಧನ ಬರದಲ್ಲಿಯೇ ನಿಂತುಹೋದರೆ ಅದನ್ನು ಪೂರ್ತಿ ನೆಚ್ಚುವಂತಿಲ್ಲ.

ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯ ಎಥನಾಲಿಗೆ ಈ ದೋಷ ಅಷ್ಟಾಗಿ ಇಲ್ಲ. ಅದಕ್ಕಾಗಿ ಬೇರೆ ನೀರು, ಬೇರೆ ನೆಲ ಬೇಡ. ಆದರೆ ಒಂದು ಟನ್ ಕಬ್ಬಿನ ಕಾಕಂಬಿಯಿಂದ ಸಿಗುವುದು ಸುಮಾರು 10 ಲೀಟರ್ ಮಾತ್ರ.

ಹೊಂಗೆ ಮತ್ತು ಸಗಣಿ

1900ರಲ್ಲಿ ಪ್ಯಾರಿಸ್ ನಗರದ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಲಾಗಿತ್ತು. ತಿನ್ನುವ ಎಣ್ಣೆಯನ್ನು ಎಂಜಿನ್ನಿಗೆ ಹಾಕುವುದು ನಮಗೆ ಸಲ್ಲದು. ನಮ್ಮ ಬದುಗಳಲ್ಲಿ ಬೆಳೆಯುವ ಹೊಂಗೆಯ ಎಣ್ಣೆಯಾದರೆ ತಿನ್ನುವುದಲ್ಲ, ಮರಕ್ಕೆ ನೀರು ಕಟ್ಟಬೇಕಿಲ್ಲ, ಹಿಂಡಿ ಗೊಬ್ಬರವಾಗುತ್ತದೆ. ಗಾಣಕ್ಕೆ ಸುಮಾರು 4 ಕಿಲೋ ಬೀಜ ಹಾಕಿದರೆ 1 ಕಿಲೋ ಎಣ್ಣೆ ಸಿಗುತ್ತದೆ. ಈ ಎಣ್ಣೆ ಮಂದವಾದ್ದರಿಂದ ಹಾಗೆಯೇ ಹಾಕಿದರೆ ನಾಜಲ್ ಕಟ್ಟಿಕೊಳ್ಳುತ್ತದೆ. ಸಂಸ್ಕರಿಸಿ ಜೈವಿಕ ಡೀಸೆಲ್ ಮಾಡಿಕೊಂಡೇ ಬಳಸಬೇಕು. ದೇಶದ ಕಾರುಗಳಿಗೆಲ್ಲ ಹೊಂಗೆ ಸಾಲದು. ಬದುವಿನ ಉಪ ಆದಾಯವೆಂದು ಎಣಿಸುವುದು ಸರಿ.

ಗೋಬರ್ ಅನಿಲದಿಂದಲೂ ಕಾರು ಓಡುತ್ತದೆ. ಅದರಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಬೇರ್ಪಡಿಸಿ, ಉಳಿದ ಮೀಥೇನನ್ನು ಒತ್ತಡದಲ್ಲಿ ಸಿಲಿಂಡರಿಗೆ ತುಂಬಿದರೆ ಸಿ.ಎನ್.ಜಿ. ಕಾರಿಗೆ ಬಳಸಬಹುದು. ಒಂದು ಕಿಲೋ ಅನಿಲಕ್ಕೆ ಸುಮಾರು 60ರಿಂದ 70 ಕಿಲೋ ಹಸಿ ಸಗಣಿ, ಅಂದರೆ ಆರೇಳು ರಾಸುಗಳ ಒಂದು ದಿನದ ಸಗಣಿ ಬೇಕು. ಸಣ್ಣ ಕಾರು ಅದರಲ್ಲಿ ಸುಮಾರು 25 ಕಿ.ಮೀ. ಹೋಗುತ್ತದೆ. ಬಗ್ಗಡ ಗೊಬ್ಬರವಾಗಿ ಹೊಲಕ್ಕೇ ಹಿಂತಿರುಗುತ್ತದೆ. ತಿಪ್ಪೆಯಲ್ಲಿ ಕೊಳೆತು ಗಾಳಿ ಸೇರುವ ಮೀಥೇನ್ ಇಂಗಾಲದ ಡೈ ಆಕ್ಸೈಡಿಗಿಂತ 25 ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುತ್ತದೆ; ಅದನ್ನು ಹಿಡಿದು ಉರಿಸುವುದೇ ಒಂದು ಲಾಭ. ಆದರೆ ಶುದ್ಧೀಕರಣ ಯಂತ್ರ ಒಬ್ಬ ರೈತನ ಕೈಗೆ ಎಟುಕುವುದಲ್ಲ. ಗುಜರಾತಿನ ಬನಾಸ್‌ಕಾಂಠಾ ಜಿಲ್ಲೆಯ ಹಾಲು ಒಕ್ಕೂಟವು ರೈತರಿಂದ ಸಗಣಿ ಕೊಂಡು ಇಂಥ ಅನಿಲವನ್ನು ವಾಹನಗಳಿಗೆ ಮಾರುತ್ತಿರುವುದು ನಮ್ಮ ಹಾಲು ಒಕ್ಕೂಟಗಳು ಗಮನಿಸಬೇಕಾದ ಮಾದರಿ.

ವಿದ್ಯುತ್ ಕಾರು

ಬೆಂಗಳೂರಿನಲ್ಲಿ ತಯಾರಾದ ‘ರೇವಾ’ ವಿದ್ಯುತ್ ಕಾರು 2001ರಲ್ಲೇ ಮಾರುಕಟ್ಟೆಗೆ ಬಂದಿತ್ತು. ವಿದ್ಯುತ್ ವಾಹನಗಳಿಗಾಗಿ 2017ರಲ್ಲಿ ನೀತಿಯನ್ನು ಪ್ರಕಟಿಸಿದ ಮೊದಲ ರಾಜ್ಯ ನಮ್ಮದು. ಈ ಕಾರಿಗೆ ಸೈಲೆನ್ಸರೇ ಇಲ್ಲ, ಹೊಗೆಯೂ ಇಲ್ಲ. ಹಾಗೆಂದು ಅದು ಬಿಸಿ ಹೆಚ್ಚಿಸುವುದಿಲ್ಲವೆಂದು ಹೇಳಲಾಗದು. ಹೊಗೆ ಕಾರಿನ ಹಿಂದೆ ಕಾಣದಿದ್ದರೂ ರಾಯಚೂರು ಅಥವಾ ಬಳ್ಳಾರಿಯ ಉಷ್ಣಸ್ಥಾವರದ ಚಿಮಣಿಯಲ್ಲಿ ಇರಬಹುದು.

ಸಣ್ಣ ವಿದ್ಯುತ್ ಕಾರಿಗೆ 100 ಕಿ.ಮೀ.ಗೆ ಸುಮಾರು 15 ಯುನಿಟ್ ಬೇಕು. ಸಾಗಣೆಯ ನಷ್ಟ ಸೇರಿಸಿದರೆ 18 ಯುನಿಟ್ ಉತ್ಪಾದಿಸಬೇಕು. ದೇಶದ ಒಟ್ಟು ವಿದ್ಯುತ್ತಿನ ಸರಾಸರಿ ತೆಗೆದರೆ ಯುನಿಟ್ಟಿಗೆ ಸುಮಾರು 0.7 ಕಿಲೋ ಅನಿಲ ಹೊರಬೀಳುತ್ತದೆ. ಅಲ್ಲಿಗೆ 12.5 ಕಿಲೋ ಆಯಿತು. ಪೆಟ್ರೋಲ್ ಕಾರಿನ 15 ಕಿಲೋಗೆ ಹೋಲಿಸಿದರೆ ಉಳಿತಾಯ ಎರಡೂವರೆ ಕಿಲೋ ಮಾತ್ರ. ಅದೇ ಕಾರಿಗೆ ಬಿಸಿಲಿನ ಅಥವಾ ಗಾಳಿಯ ವಿದ್ಯುತ್ ತುಂಬಿದರೆ ಒಂದು ಕಿಲೋ ಆಜುಬಾಜಿಗೆ ಇಳಿಯುತ್ತದೆ. ಉಳಿತಾಯ 14 ಕಿಲೋ.

ಬ್ಯಾಟರಿ ತಯಾರಿಸುವಾಗಲೂ ಅನಿಲ ಹೊರಬೀಳುತ್ತದೆ. ಸಣ್ಣ ಕಾರಿನ ಬ್ಯಾಟರಿಗೆ 2 ಟನ್ ಎಂದು ಇಟ್ಟುಕೊಳ್ಳೋಣ. ಇದು ಕಾರು ಹುಟ್ಟುವಾಗಲೇ ಹೊತ್ತು ತಂದ ಸಾಲ. ಕಲ್ಲಿದ್ದಲು ಬೆರೆತ ವಿದ್ಯುತ್ತಿನಲ್ಲಿ ಓಡಿದರೆ ಈ ಸಾಲ ತೀರಲು 80,000 ಕಿ.ಮೀ. ಓಡಬೇಕು. ಸೌರವಿದ್ಯುತ್ತಿನಲ್ಲಾದರೆ ಸುಮಾರು 14,000 ಕಿ.ಮೀ. ಸಾಕು. ಕಾರಿನ ಗುಣ ಅದರ ವಿದ್ಯುತ್ತಿನ ಮೂಲದಲ್ಲಿದೆ.

ಜಲಜನಕದಿಂದ ಓಡುವ ಕಾರುಗಳೂ ಬಂದಿವೆ. ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ಮಾಡಿ, ಕಾರಿನೊಳಗೆ ಅದರಿಂದ ಮತ್ತೆ ವಿದ್ಯುತ್ ತೆಗೆಯುವಾಗ ಅರ್ಧಕ್ಕಿಂತ ಹೆಚ್ಚು ಶಕ್ತಿ ನಷ್ಟವಾಗುತ್ತದೆ. ಸದ್ಯಕ್ಕೆ ಕಾರಿಗೆ ಅದು ದುಬಾರಿ ಹಾದಿ.

ಒಂದು ಎಕರೆಯ ಲೆಕ್ಕ

ರೈತರು ಯಾವುದನ್ನೂ ಎಕರೆಯ ಮೇಲೆ ಅಳೆಯುತ್ತಾರೆ. ಹಾಗೆಯೇ ಅಳೆದು ನೋಡೋಣ.

ಒಂದು ಎಕರೆ ನೀರಾವರಿ ಕಬ್ಬು: ವರ್ಷಕ್ಕೆ 2,800 ಲೀಟರ್ ಎಥನಾಲ್. ಇದರ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗವಾದ್ದರಿಂದ ಲೀಟರಿಗೆ 12 ಕಿ.ಮೀ. ಹಿಡಿದರೆ ಕಾರು ಓಡುವುದು ಸುಮಾರು 34,000 ಕಿ.ಮೀ.

ಒಂದು ಎಕರೆ ಒಣಭೂಮಿಯ ಸೌರಫಲಕ: ವರ್ಷಕ್ಕೆ ಕಡಿಮೆಯೆಂದರೂ 2.5 ಲಕ್ಷ ಯುನಿಟ್. ನಷ್ಟ ಕಳೆದು 2 ಲಕ್ಷ ಯುನಿಟ್ ಉಳಿದರೆ ಕಾರು ಓಡುವುದು 13 ಲಕ್ಷ ಕಿ.ಮೀ.

ಸುಮಾರು 40 ಪಟ್ಟು ವ್ಯತ್ಯಾಸ. ಫಲಕ ತೊಳೆಯಲು ಬೇಕಾದ ಅಲ್ಪ ನೀರನ್ನು ಬಿಟ್ಟರೆ ನೀರಾವರಿಯ ಪ್ರಶ್ನೆಯೇ ಇಲ್ಲ. ಆದುದರಿಂದ ಕಾರುಗಳಿಗಾಗಿಯೇ ಫಲವತ್ತಾದ ನೀರಾವರಿ ಭೂಮಿಯನ್ನು ಮೀಸಲಿಡುವುದು ಬಹುಕಾಲ ನಡೆಯುವ ಮಾತಲ್ಲ. ಮುಂದೆ ಕಾರುಗಳು ವಿದ್ಯುತ್ತಿಗೆ ತಿರುಗಿದಂತೆ ಎಥನಾಲಿನ ಬೇಡಿಕೆ ಇಳಿಯಬಹುದು ಎಂಬುದನ್ನು ಕಬ್ಬು, ಮುಸುಕಿನ ಜೋಳದ ಬೆಳೆಗಾರರು ಈಗಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಜಮೀನು ಕೊಡುವ ಮುನ್ನ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಅಲ್ಲಿ ಭೂಮಿಯನ್ನು ಕ್ರಯಕ್ಕೆ ಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು. ಆರಂಭದ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ಬರಲಿ ಬಿಡಲಿ ಬರುವ ಹಣವಿದು. ಆದರೆ ಗುತ್ತಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೂ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಅದರಲ್ಲಿ ಪಾಲಿಲ್ಲ. ಊರು ಸೇರಿ ಯೋಚಿಸಬೇಕಾದ ವಿಷಯವಿದು.

ಇಂಥ ಯೋಜನೆ ತಮ್ಮ ಊರಿಗೆ ಬಂದಾಗ ರೈತರು ಈ ಅಂಶಗಳನ್ನು ಗಮನಿಸಬೇಕು:

1. ನೀರಾವರಿ ಭೂಮಿಯನ್ನು ಕೊಡಬಾರದು. ಬೆಳೆ ಕೈಹಿಡಿಯದ ಕಲ್ಲುನೆಲವನ್ನು ಮೊದಲು ತೋರಿಸಬೇಕು.

2. ಗುತ್ತಿಗೆಯ ಅವಧಿ, ದರ ಏರುವ ಕ್ರಮ, ಅವಧಿ ಮುಗಿದ ಮೇಲೆ ಫಲಕ ಹಾಗೂ ಕಾಂಕ್ರೀಟನ್ನು ಯಾರು ತೆಗೆಯಬೇಕು ಎಂಬುದು ಕರಾರಿನಲ್ಲಿ ಸ್ಪಷ್ಟವಾಗಿರಬೇಕು. ಓದಿಸಿ ಕೇಳದೆ ಸಹಿ ಹಾಕಬಾರದು.

3. 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯು ರೈತರೂ ಸಹಕಾರ ಸಂಘಗಳೂ ತಾವೇ ಸೌರ ಘಟಕ ಹಾಕಿ ವಿದ್ಯುತ್ ಮಾರುವ ದಾರಿ ತೆರೆಯಿತು. ಗುತ್ತಿಗೆಗೂ ಇದಕ್ಕೂ ಇರುವ ಲಾಭನಷ್ಟವನ್ನು ತೂಗಿ ನೋಡಬೇಕು.

4. ಎಥನಾಲ್ ಬೆರೆತ ಪೆಟ್ರೋಲ್ ತೇವವನ್ನು ಹೀರುತ್ತದೆ. ಪವರ್ ಸ್ಪ್ರೇಯರ್, ಕಳೆ ಕತ್ತರಿಸುವ ಯಂತ್ರಗಳನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕ್ ಬರಿದು ಮಾಡಿಡುವುದು ಒಳ್ಳೆಯದು.

ಭೂಮಿಯ ಬಿಸಿಯನ್ನು ಒಂದಿಷ್ಟೂ ಹೆಚ್ಚಿಸದ ಕಾರು ಇಂದು ಇಲ್ಲ. ಬಹಳ ಕಡಿಮೆ ಹೆಚ್ಚಿಸುವ ಕಾರು ಸಾಧ್ಯವಿದೆ, ಅದಕ್ಕೆ ಬಿಸಿಲು ಮತ್ತು ಗಾಳಿಯ ವಿದ್ಯುತ್ ಬೇಕು. ನೀರಿರುವ ನೆಲ ಊಟಕ್ಕೆ, ಬರಡು ನೆಲ ಬಿಸಿಲಿಗೆ, ಕಾಕಂಬಿ ಸಗಣಿಗಳಂಥ ಉಳಿಕೆ ಇಂಧನಕ್ಕೆ ಎಂಬ ಕ್ರಮವನ್ನು ಪಾಲಿಸಿದರೆ ಕಾರಿನವನಿಗೂ ರೈತನಿಗೂ ಕ್ಷೇಮ.