ಮಾತಿಲ್ಲದ ಚಿತ್ರ, ಮಾತಿನ ತರಗತಿ: ‘ಶಾನ್ ದ ಶೀಪ್ ಮೂವಿ’ಯ ಗುಣದೋಷಗಳು

ತರಗತಿಗೆ ಮಕ್ಕಳ ಚಲನಚಿತ್ರವೊಂದನ್ನು ಆರಿಸಹೊರಟ ಗಡಿನಾಡಿನ ಕನ್ನಡ ಶಿಕ್ಷಕರಿಗೆ ಮೊದಲು ಎದುರಾಗುವ ತೊಡಕು ಭಾಷೆಯದು. ಸುಲಭವಾಗಿ ದೊರೆಯುವ ಆನಿಮೇಷನ್ ಚಿತ್ರಗಳಲ್ಲಿ ಬಹುಪಾಲು ಇಂಗ್ಲಿಷ್ ಅಥವಾ ಹಿಂದಿಯಲ್ಲಿರುತ್ತವೆ. ಅವುಗಳನ್ನು ನೋಡಿ ಮಕ್ಕಳು ನಲಿಯುವುದೇನೋ ನಿಜ. ಆದರೆ ಕನ್ನಡಕ್ಕೆ ಮೀಸಲಾದ ಅವಧಿಯು ಇನ್ನೊಂದು ಭಾಷೆಯ ಪಾಲಾಗುತ್ತದೆ. ಈ ತೊಡಕಿಗೆ ಹೊರತಾಗಿ ನಿಲ್ಲುವ ಕೆಲವೇ ಚಿತ್ರಗಳಲ್ಲಿ 2015ರಲ್ಲಿ ಬಿಡುಗಡೆಯಾದ ‘ಶಾನ್ ದ ಶೀಪ್ ಮೂವಿ’ ಒಂದು. ಸುಮಾರು 85 ನಿಮಿಷಗಳ ಈ ಹಾಸ್ಯಚಿತ್ರದಲ್ಲಿ ಅರ್ಥವಾಗುವ ಸಂಭಾಷಣೆ ಒಂದೂ ಇಲ್ಲ. ಮನುಷ್ಯರು ಗೊಣಗುತ್ತಾರೆ, ಕುರಿಗಳು ಅರಚುತ್ತವೆ, ನಾಯಿ ಸೀಟಿ ಊದುತ್ತದೆ. ಚಿತ್ರದ ಬಲವೂ ದೌರ್ಬಲ್ಯವೂ ಈ ಒಂದೇ ಗುಣದಿಂದ ಹುಟ್ಟುತ್ತವೆ.

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಆರ್ಡ್‌ಮನ್ ಸಂಸ್ಥೆ ಇದನ್ನು ನಿರ್ಮಿಸಿತು. ಮಾರ್ಕ್ ಬರ್ಟನ್ ಮತ್ತು ರಿಚರ್ಡ್ ಸ್ಟಾರ್ಜಾಕ್ ನಿರ್ದೇಶಕರು. ಶಾನ್ ಎಂಬ ಕುರಿ 1995ರ ಕಿರುಚಿತ್ರವೊಂದರಲ್ಲಿ ಮೊದಲು ಕಾಣಿಸಿಕೊಂಡು, 2007ರಿಂದ ದೂರದರ್ಶನ ಸರಣಿಯ ನಾಯಕನಾಯಿತು. ಚಿತ್ರದಲ್ಲಿರುವುದು ಗಣಕಯಂತ್ರದಲ್ಲಿ ರೂಪಿಸಿದ ಗೊಂಬೆಗಳಲ್ಲ. ಕೈಯಿಂದ ಮಾಡಿದ ನಿಜವಾದ ಗೊಂಬೆಗಳು. ಅವುಗಳನ್ನು ಕೂದಲೆಳೆಯಷ್ಟು ಸರಿಸಿ, ಪ್ರತಿ ಭಂಗಿಯನ್ನೂ ಬೇರೆಬೇರೆಯಾಗಿ ಛಾಯಾಚಿತ್ರ ತೆಗೆದು ಜೋಡಿಸಲಾಗಿದೆ. ತೆರೆಯ ಮೇಲಿನ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಬೇಕು. ಜೇಡಿಮಣ್ಣಿನಲ್ಲಿ ಬೊಂಬೆ ಮಾಡಿ ಬಲ್ಲ ಮಕ್ಕಳಿಗೆ ಈ ಶ್ರಮವನ್ನು ವಿವರಿಸಿದರೆ ಚಿತ್ರದ ಮೇಲಿನ ಗೌರವ ಹೆಚ್ಚುತ್ತದೆ.

ಕಥೆ ಸರಳವಾಗಿದೆ. ದಿನವೂ ಒಂದೇ ಬಗೆಯ ದುಡಿಮೆಯಿಂದ ಬೇಸತ್ತ ಶಾನ್ ಒಂದು ದಿನದ ಬಿಡುವಿಗಾಗಿ ಉಪಾಯ ಹೂಡುತ್ತದೆ. ಕುರಿಗಳು ಸಾಲಾಗಿ ಬೇಲಿ ಹಾರುತ್ತ ಯಜಮಾನನಾದ ರೈತನನ್ನು ನಿದ್ದೆಗೆ ತಳ್ಳಿ, ಅವನನ್ನು ಒಂದು ಗಾಡಿಮನೆಯಲ್ಲಿ ಮಲಗಿಸುತ್ತವೆ. ಆ ಗಾಡಿ ಆಕಸ್ಮಿಕವಾಗಿ ಉರುಳಿ ನಗರವನ್ನು ಸೇರುತ್ತದೆ. ತಲೆಗೆ ಪೆಟ್ಟು ಬಿದ್ದ ರೈತ ನೆನಪನ್ನು ಕಳೆದುಕೊಳ್ಳುತ್ತಾನೆ. ಆದರೆ ಉಣ್ಣೆ ಕತ್ತರಿಸಿದ ಕೈಗಳಿಗೆ ಕಸುಬು ಮರೆತಿರುವುದಿಲ್ಲ. ಅವನು ಕೇಶಾಲಂಕಾರದ ಅಂಗಡಿಯಲ್ಲಿ ಗಿರಾಕಿಗಳ ತಲೆಗೂದಲನ್ನು ಕುರಿಯ ತುಪ್ಪಟದಂತೆ ಕತ್ತರಿಸಿ ದಿಢೀರನೆ ಪ್ರಖ್ಯಾತನಾಗುತ್ತಾನೆ. ಅವನನ್ನು ಹುಡುಕಿಕೊಂಡು ನಾಯಿ ಬಿಟ್ಜರ್ ಮತ್ತು ಕುರಿಮಂದೆ ನಗರಕ್ಕೆ ಬರುತ್ತವೆ.

ಚಿತ್ರದ ಮೊದಲ ಗುಣ, ಹಾಸ್ಯದ ಆಳದಲ್ಲಿರುವ ನೋವು. ಬಹಳ ಹುಡುಕಾಟದ ಬಳಿಕ ಶಾನ್ ಯಜಮಾನನ ಎದುರು ನಿಂತಾಗ ಅವನು ಅದನ್ನು ಗುರುತಿಸದೆ ಹೊರಗಟ್ಟುತ್ತಾನೆ. ರಕ್ತಸಂಬಂಧವಿಲ್ಲದ ರೈತ, ನಾಯಿ, ಕುರಿಗಳು ಒಂದು ಕುಟುಂಬವೆಂಬುದು ಆ ಗಳಿಗೆಯಲ್ಲಿ ಒಂದು ಮಾತೂ ಇಲ್ಲದೆ ತಿಳಿಯುತ್ತದೆ. ಎರಡನೆಯ ಗುಣ, ರೂಢಿಯ ಕಲ್ಪನೆಯನ್ನು ತಿರುವಿಹಾಕುವುದು. ಕನ್ನಡದಲ್ಲಿ ‘ಕುರಿಮಂದೆ’ ಎಂದರೆ ಯೋಚಿಸದೆ ಹಿಂದೆ ಹೋಗುವವರ ಗುಂಪು. ಇಲ್ಲಿಯ ಮಂದೆ ಯೋಚಿಸುತ್ತದೆ, ತಪ್ಪುತ್ತದೆ, ತಪ್ಪನ್ನು ತಾನೇ ಸರಿಪಡಿಸಲು ಹೊರಡುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಮನೆಯಲ್ಲಿ ತುಳು, ಮಲಯಾಳಂ, ಮರಾಠಿ ಅಥವಾ ತೆಲುಗು ಆಡುವ ಮಗುವೂ ಕನ್ನಡವನ್ನೇ ಆಡುವ ಮಗುವೂ ಈ ಚಿತ್ರದ ಮುಂದೆ ಸಮಾನರು. ಕಥೆ ಅರ್ಥವಾಗಲಿಲ್ಲವೆಂಬ ಕೀಳರಿಮೆಗೆ ಇಲ್ಲಿ ಎಡೆಯಿಲ್ಲ.

ದೋಷಗಳನ್ನೂ ಮರೆಮಾಚಬಾರದು. ಪ್ರಾಣಿಗಳನ್ನು ಹಿಡಿಯುವ ಅಧಿಕಾರಿ ಟ್ರಂಪರ್ ಕೇವಲ ಕ್ರೂರನಾಗಿ ಉಳಿಯುತ್ತಾನೆ. ಅವನ ಸ್ವಭಾವಕ್ಕೆ ಬೇರೊಂದು ಮುಖವಿಲ್ಲ. ನಡುಭಾಗದಲ್ಲಿ ಉಪಾಹಾರ ಗೃಹದ ಗೊಂದಲ, ನಾಯಿ ಶಸ್ತ್ರವೈದ್ಯನ ವೇಷದಲ್ಲಿ ಸಿಕ್ಕಿಬೀಳುವ ಪ್ರಸಂಗ ಮುಂತಾದವು ಬಿಡಿ ನಗೆಹನಿಗಳಂತಿದ್ದು ಕಥೆಯನ್ನು ಅಷ್ಟಾಗಿ ಮುನ್ನಡೆಸುವುದಿಲ್ಲ. ಸ್ಥೂಲಕಾಯದ ಶರ್ಲಿ ಎಂಬ ಕುರಿಯ ಗಾತ್ರವೇ ಪದೇಪದೇ ನಗೆಯ ವಸ್ತುವಾಗುತ್ತದೆ. ತರಗತಿಯಲ್ಲಿ ದಪ್ಪನೆಯ ಮಗುವಿದ್ದರೆ ಆ ನಗು ಎತ್ತ ತಿರುಗೀತೆಂಬ ಎಚ್ಚರ ಶಿಕ್ಷಕರಿಗಿರಬೇಕು.

ಮಾತಿಲ್ಲದ ಚಿತ್ರ ಎಲ್ಲರಿಗೂ ಪೂರ್ಣವಾಗಿ ತಿಳಿಯುತ್ತದೆಂಬುದೂ ಸರಿಯಲ್ಲ. ನಿದ್ದೆ ಬಾರದಾಗ ಬೇಲಿ ಹಾರುವ ಕುರಿಗಳನ್ನು ಎಣಿಸುವುದು ಇಂಗ್ಲಿಷರ ರೂಢಿ; ಅದನ್ನು ಮೊದಲೇ ಹೇಳದಿದ್ದರೆ ರೈತನು ನಿದ್ದೆಹೋದ ಕಾರಣ ಮಕ್ಕಳಿಗೆ ಹೊಳೆಯದು. ನಾಯಕನ ಹೆಸರಿನಲ್ಲಿ ‘ಉಣ್ಣೆ ಕತ್ತರಿಸಿದ’ ಎಂಬರ್ಥದ ಇಂಗ್ಲಿಷ್ ಪದದ ಶ್ಲೇಷೆಯಿದೆ. ಅದು ಕನ್ನಡಕ್ಕೆ ಬರುವುದಿಲ್ಲ. ಊರಿನ ಅನುಭವವೂ ಬೇರೆಬೇರೆ. ಜತ್ತ ಅಥವಾ ಆದವಾನಿಯ ಕಡೆಯ ಮಗು ಕುರಿಮಂದೆಯನ್ನೂ ಉಣ್ಣೆ ಕತ್ತರಿಸುವುದನ್ನೂ ಕಂಡಿರಬಹುದು. ಕ್ಷೌರದ ಹಾಸ್ಯ ಅದಕ್ಕೆ ತಟ್ಟನೆ ತಿಳಿದೀತು. ಕುರಿ ಸಾಕಣೆ ವಿರಳವಾಗಿರುವ ಕಾಸರಗೋಡಿನಲ್ಲಿ ಉಣ್ಣೆ, ಕಂಬಳಿ ಎಂಬ ಮಾತುಗಳಿಂದಲೇ ಆರಂಭಿಸಬೇಕಾದೀತು.

ಎಲ್ಲಕ್ಕಿಂತ ದೊಡ್ಡ ಕೊರತೆ, ಈ ಚಿತ್ರ ಮಗುವಿಗೆ ಒಂದು ಪದವನ್ನೂ ಕಲಿಸುವುದಿಲ್ಲ. ಸುಮ್ಮನೆ ತೋರಿಸಿ ಮುಗಿಸಿದರೆ ಕನ್ನಡದ ಅವಧಿಯು ನಗುವಿನೊಂದಿಗೆ ಕಳೆದುಹೋಗುತ್ತದೆ. ಇಂಗ್ಲಿಷ್ ಚಿತ್ರ ತರಗತಿಯ ಭಾಷೆಯ ಜಾಗವನ್ನು ಆಕ್ರಮಿಸುತ್ತದೆ. ಈ ಚಿತ್ರ ಆ ಜಾಗವನ್ನು ಬರಿದಾಗಿ ಬಿಡುತ್ತದೆ. ಬರಿದಾದ ಆ ಜಾಗವನ್ನು ತುಂಬುವುದು ಶಿಕ್ಷಕರ ಕೆಲಸ.

ಅದಕ್ಕೆ ಹೆಚ್ಚಿನ ಸಲಕರಣೆ ಬೇಕಿಲ್ಲ. ಚಿತ್ರವನ್ನು ಎರಡು ಮೂರು ಅವಧಿಗಳಿಗೆ ಹಂಚಿ, ಯಜಮಾನನು ಶಾನ್‌ನನ್ನು ಹೊರಗಟ್ಟುವ ದೃಶ್ಯದಲ್ಲಿ ನಿಲ್ಲಿಸಬಹುದು. ಮಾತು ಬಂದಿದ್ದರೆ ಶಾನ್ ಏನೆಂದು ಹೇಳುತ್ತಿತ್ತು, ರೈತ ಏನು ಉತ್ತರಿಸುತ್ತಿದ್ದ ಎಂಬುದನ್ನು ಇಬ್ಬಿಬ್ಬರು ಮಕ್ಕಳು ಆಡಿ ತೋರಿಸಲಿ. ಮೊದಲ ಸುತ್ತಿನಲ್ಲಿ ಮನೆಯ ಮಾತು, ಊರ ಕನ್ನಡ, ಬೆರಕೆ ಮಾತು ಯಾವುದು ಬಂದರೂ ತಿದ್ದದೆ ಕೇಳುವುದು ಒಳ್ಳೆಯದು. ಬಳಿಕ ಆ ಮಾತುಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಅವುಗಳ ಪಕ್ಕದಲ್ಲಿ ಪಠ್ಯಪುಸ್ತಕದ ಕನ್ನಡ ರೂಪಗಳನ್ನು ಇಡಬಹುದು. ಹಾಗೆ ಮಾಡಿದಾಗ ತರಗತಿಯಲ್ಲಿ ಸುಮ್ಮನೆ ಕೂರುವ ಮಗುವಿಗೂ ಆಡಲು ಒಂದು ಪಾತ್ರ, ಹೇಳಲು ಒಂದು ಕಾರಣ ಸಿಗುತ್ತದೆ. ಹೇಳಬೇಕಾದುದು ಮನಸ್ಸಿನಲ್ಲಿ ತುಂಬಿದ್ದಾಗಲೇ ಮಗು ಹೊಸ ಪದವನ್ನು ಕೇಳಿ ಪಡೆಯುತ್ತದೆ.