ಲಿನಕ್ಸ್ ಹಾಕೋಣ, ಸರಿ. ಡೆಸ್ಕ್‌ಟಾಪ್ ಯಾವುದು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಆದರೂ ಇರಬೇಕು. ಅಣ್ಣನೋ ಅಕ್ಕನೋ ಬಳಸಿ ಬಿಟ್ಟ 4 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್ ಇಟ್ಟುಕೊಂಡು ಬಿಟಿಎಂ ಪಿಜಿಯಲ್ಲೋ ಬನಶಂಕರಿಯ ಮನೆಯಲ್ಲೋ ಕೂತಿರುವ ನಮ್ಮಂಥವರಿಗೆ ಉಳಿಯೋದು ಎರಡು ದಾರಿ: ಹೊಸದು ಕೊಳ್ಳೋದು, ಇಲ್ಲಾ ಲಿನಕ್ಸ್ ಹಾಕೋದು. (ಸೆಕ್ಯುರಿಟಿ ಅಪ್‌ಡೇಟ್ ಇನ್ನೊಂದು ವರ್ಷ ಕೊಡೋ ಸ್ಕೀಮ್ ಇದೆ. ಅದು ಬ್ಯಾಕ್‌ಲಾಗ್ ಮುಂದಕ್ಕೆ ಹಾಕಿದ ಹಾಗೆ.)

ಲಿನಕ್ಸೇ ಅಂತ ತೀರ್ಮಾನ ಆದ ಮೇಲೂ ತಲೆನೋವು ಮುಗಿಯಲ್ಲ. ಉಬುಂಟು, ಕುಬುಂಟು, ಕ್ಸುಬುಂಟು, ಲುಬುಂಟು ಅಂತ ಸಾಲಾಗಿ ನಿಂತಿರುತ್ತವೆ. ಇವೆಲ್ಲ ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್ ಅಲ್ಲ. ಕರ್ನಲ್ ಒಂದೇ, ಸಾಫ್ಟ್‌ವೇರ್ ಬರುವ ಉಗ್ರಾಣವೂ ಒಂದೇ. ಬೇರೆ ಇರೋದು ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್: ಪ್ಯಾನೆಲ್, ಮೆನು, ಕಿಟಕಿಗಳನ್ನು ಜೋಡಿಸುವ ವಿಂಡೋ ಮ್ಯಾನೇಜರ್, ಫೈಲ್ ಮ್ಯಾನೇಜರ್, ಸೆಟಿಂಗ್ಸ್, ಇವೆಲ್ಲ ಸೇರಿದ ಒಂದು ಸೆಟ್. ಜಯನಗರದ ಹೋಟೆಲುಗಳಲ್ಲಿ ಒಂದೇ ಅಡುಗೆಮನೆಯಿಂದ ಸೆಲ್ಫ್ ಸರ್ವೀಸಿಗೂ ಮೇಲಿನ ಎಸಿ ರೂಮಿಗೂ ದೋಸೆ ಹೋಗುತ್ತಲ್ಲ, ಹಾಗೆ. ದೋಸೆ ಅದೇ. ಕೂರುವ ವ್ಯವಸ್ಥೆ ಬೇರೆ, ಬಿಲ್ಲೂ ಬೇರೆ.

ಇಲ್ಲಿ ಬಿಲ್ಲು ಅಂದ್ರೆ ರ‍್ಯಾಮ್. ಏನೂ ತೆರೆಯದೆ ಸುಮ್ಮನೆ ಇದ್ದಾಗಲೇ ಉಬುಂಟುವಿನ ಗ್ನೋಮ್ ಸುಮಾರು ಒಂದರಿಂದ ಒಂದೂವರೆ ಜಿಬಿ ತಿನ್ನುತ್ತದೆ. ಕೆಡಿಇ ಪ್ಲಾಸ್ಮಾ ಒಂದು ಜಿಬಿಯ ಆಸುಪಾಸು. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಅದರ ಅರ್ಧದಿಂದ ಮುಕ್ಕಾಲಿನಲ್ಲಿ ಮುಗಿಸುತ್ತವೆ. 16 ಜಿಬಿ ಇರೋರಿಗೆ ಈ ಲೆಕ್ಕ ಬೇಕಾಗಿಲ್ಲ, ಯಾವುದು ಕಣ್ಣಿಗೆ ಹಿಡಿಸುತ್ತೋ ಅದನ್ನೇ ಹಾಕಿಕೊಳ್ಳಿ. 4 ಜಿಬಿಯಲ್ಲಿ ಮಾತ್ರ ಆ ಅರ್ಧ ಜಿಬಿ ಅಂದ್ರೆ ಬ್ರೌಸರಿನ ನಾಲ್ಕೈದು ಟ್ಯಾಬು. ಒಂದು ಕಡೆ ಲೆಕ್ಚರ್ ವಿಡಿಯೊ, ಇನ್ನೊಂದು ಕಡೆ ಕೋಡ್ ಎಡಿಟರ್ ತೆರೆದಾಗ ಮೌಸ್ ಮುಂದೆ ಹೋಗುತ್ತಾ ನಿಲ್ಲುತ್ತಾ ಅನ್ನೋದು ಅಲ್ಲೇ ತೀರ್ಮಾನ ಆಗೋದು. ಇನ್ನು ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಯಾವ ಡೆಸ್ಕ್‌ಟಾಪ್ ಬದಲಾವಣೆಗಿಂತಲೂ ಹೆಚ್ಚು ಗೆಲುವು. ಇದನ್ನು ಹೇಳದೆ ಡೆಸ್ಕ್‌ಟಾಪ್ ಬಗ್ಗೆ ಮಾತ್ರ ಬರೆದರೆ ಮೋಸ.

ಆದರೆ ರ‍್ಯಾಮಿನ ಕೋಷ್ಟಕಗಳು ಎಲ್ಲ ಕಡೆ ಸಿಗುತ್ತವೆ. ಅಲ್ಲಿ ಯಾರೂ ಹೇಳದ ವಿಷಯ ಕನ್ನಡ ಟೈಪಿಂಗ್. ಈ ಪತ್ರಿಕೆಗೆ ಬರೆಯುವ ನಮಗೆ ಅದೇ ಮುಖ್ಯ.

ಮೊದಲು ಒಳ್ಳೆ ಸುದ್ದಿ. ಕೆ. ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತಿರುವ, ಕನ್ನಡ ಗಣಕ ಪರಿಷತ್ತಿನ ಹೆಸರಿನ ಕಗಪ ಕೀಲಿಮಣೆ (ನುಡಿಯಲ್ಲಿ ಇರೋದೇ) ಲಿನಕ್ಸ್ ಜೊತೆಗೇ ಬರುತ್ತದೆ. ಯಾವ ಡೆಸ್ಕ್‌ಟಾಪ್ ಆದರೂ ಕೀಬೋರ್ಡ್ ಲೇಔಟ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕಗಪ ಸಿಗುತ್ತದೆ. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ "ಕನ್ನಡ". ಎಫ್ ಅಂದ್ರೆ ಅರ್ಧಾಕ್ಷರ ಮಾಡುವ ಕೀ. ಎಕ್ಸ್‌ಎಫ್‌ಸಿಇನಲ್ಲಿ ಲೇಔಟ್ ಸೇರಿಸುವ ಮುಂಚೆ "ಸಿಸ್ಟಮ್ ಡೀಫಾಲ್ಟ್ ಬಳಸು" ಅನ್ನೋ ಟಿಕ್ ತೆಗೀಬೇಕು. ಇಲ್ಲದಿದ್ದರೆ ಬಟನ್ನುಗಳೆಲ್ಲ ಮಂಕಾಗೇ ಇರುತ್ತವೆ.

ಈ ಲೇಔಟ್‌ನಲ್ಲಿ ಒಂದು ತೊಡಕು ಇದೆ. ಅದಕ್ಕೆ ಒಂದು ಕೀ ಅಂದ್ರೆ ಒಂದು ಅಕ್ಷರ ಅಷ್ಟೇ ಗೊತ್ತು, ಹಿಂದೆ ಏನಿದೆ ಅಂತ ನೋಡಲ್ಲ. "ಇಡ್ಲಿ" ಬರೆಯೋಕೆ ಐ ಒತ್ತಿದರೆ ಬರೋದು ಇ ಅಲ್ಲ, ಒಂಟಿ ಗುಡಿಸು. ಪದದ ಮೊದಲಿನ ಇ, ಉ, ಎಗಳಿಗೆ ಬಲಗಡೆಯ ಆಲ್ಟ್ ಹಿಡಿದು ಒತ್ತಬೇಕು. ನುಡಿಯಲ್ಲಿ ಬೆರಳು ಪಳಗಿದವರಿಗೆ ಇದು ಕಿರಿಕಿರಿ. ಅವರಿಗೆ ಬೇಕಾದ್ದು ಐಬಸ್ ಅನ್ನೋ ಇನ್‌ಪುಟ್ ವ್ಯವಸ್ಥೆ, ಮತ್ತೆ ಅದರ ಎಂ17ಎನ್ ಪ್ಯಾಕೇಜು. ಅದರಲ್ಲಿ ಕೆಜಿಪಿ ಅಂತಲೇ ಒಂದು ಆಯ್ಕೆ ಇದೆ, ಗುಡಿಸು ಎಲ್ಲಿ, ಸ್ವರ ಎಲ್ಲಿ ಅಂತ ಅದೇ ನೋಡಿಕೊಳ್ಳುತ್ತೆ. ವಾಟ್ಸಾಪ್ ಕನ್ನಡದ ಹಾಗೆ ಇಂಗ್ಲಿಷ್ ಅಕ್ಷರದ ಉಚ್ಚಾರಣೆಯಲ್ಲೇ ಬರೆಯೋರಿಗೆ ಐಟ್ರಾನ್ಸ್ ಕೂಡ ಇದೆ.

ಡೆಸ್ಕ್‌ಟಾಪುಗಳ ವ್ಯತ್ಯಾಸ ಕಾಣೋದು ಈ ಐಬಸ್ ವಿಷಯದಲ್ಲೇ. ಗ್ನೋಮ್ ಒಳಗೆ ಅದು ಬೆರೆತುಹೋಗಿದೆ: ಎಂ17ಎನ್ ಇನ್‌ಸ್ಟಾಲ್ ಮಾಡಿ, ಲಾಗ್ಔಟ್ ಆಗಿ ಬಂದು, ಸೆಟಿಂಗ್ಸಿನ ಕೀಬೋರ್ಡ್ ಪುಟದಲ್ಲಿ ಸೇರಿಸಿದರೆ ಆಯ್ತು. ಆಮೇಲೆ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲು. ಪ್ಲಾಸ್ಮಾದಲ್ಲಿ ಐಬಸ್ ನಾವೇ ಹಾಕಬೇಕು, ವೇಲ್ಯಾಂಡ್ ಇದ್ದರೆ "ವರ್ಚುವಲ್ ಕೀಬೋರ್ಡ್" ಅನ್ನೋ ಸಂಬಂಧವೇ ಇಲ್ಲದ ಹೆಸರಿನ ಪುಟದಲ್ಲಿ ಹೋಗಿ ಅದನ್ನು ಆರಿಸಬೇಕು. ಅದು ಅಲ್ಲಿದೆ ಅಂತ ಯಾರಿಗೆ ಹೊಳೆಯುತ್ತೆ ಹೇಳಿ! ಎಕ್ಸ್‌ಎಫ್‌ಸಿಇನಲ್ಲೂ ಕೈಯಾರೆ ಮಾಡೋ ಕೆಲಸವೇ, ಆದರೆ ಒಮ್ಮೆ ಮಾಡಿದರೆ ಸಾಕು. ಫಾಂಟಿನ ಚಿಂತೆ ಬೇಡ. ಗುಬ್ಬಿ, ನವಿಲು, ಲೋಹಿತ್ ಉಬುಂಟು ಉಗ್ರಾಣದಲ್ಲೇ ಇವೆ, ಒತ್ತಕ್ಷರ ಎಲ್ಲ ಕಡೆ ಸರಿಯಾಗಿ ಕೂರುತ್ತೆ.

ಅಭ್ಯಾಸದ ಬೆಲೆಯನ್ನೂ ಮರೆಯಬೇಡಿ. ಗ್ನೋಮ್ 2011ರಲ್ಲಿ ಮೂರನೇ ಆವೃತ್ತಿಗೆ ಬಂದು ಹಳೇ ರೂಪವನ್ನೇ ಬದಲಿಸಿದಾಗ ಲಿನಕ್ಸ್ ಬರೆದ ಲಿನಸ್ ಟೋರ್ವಾಲ್ಡ್ಸೇ ಬೇಜಾರಾಗಿ ಎಕ್ಸ್‌ಎಫ್‌ಸಿಇಗೆ ಹೋದರು. ಹಳೇ ರೂಪ ಬೇಕು ಅಂದವರಿಂದ ಮಾಟೆ ಹುಟ್ಟಿತು, ಲಿನಕ್ಸ್ ಮಿಂಟ್‌ನವರು ಸಿನಮನ್ ಮಾಡಿದರು. ನಮ್ಮ ಜಯನಗರ 4ನೇ 'ಟಿ' ಬ್ಲಾಕಿನ ಐಟಿ ಫಾರ್ ಚೇಂಜ್ ಸಂಸ್ಥೆ ಸರ್ಕಾರಿ ಪ್ರೌಢಶಾಲೆ ಶಿಕ್ಷಕರಿಗೆ ಉಬುಂಟು ಕಲಿಸುವ ಕೆಲಸ ಮಾಡಿದೆ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿಯಲ್ಲಿ ಅದರ ಪಾಠಗಳು ಚಿತ್ರ ಸಮೇತ ಕನ್ನಡದಲ್ಲಿವೆ. ಅಂಥ ಪಾಠ ಓದಿ ಕಲಿಯುವವರ ಸ್ಕ್ರೀನು ಚಿತ್ರದ ಹಾಗೇ ಇರಬೇಕು. ಅಪ್ಪ ಅಮ್ಮನ ಕಂಪ್ಯೂಟರಿಗೆ ಹಾಕಿಕೊಡುವಾಗಲೂ ಇದೇ ಮಾತು. ವಿಂಡೋಸ್ 7 ಕಾಲದಿಂದ ಎಡಗಡೆ ಕೆಳಗೆ ಮೆನು ಹುಡುಕುವ ಕೈಗೆ ಸಿನಮನ್ ಕೊಡಿ, ಗ್ನೋಮ್ ಕೊಟ್ಟು ದಿನಕ್ಕೆ ಮೂರು ಫೋನ್ ತಗೋಬೇಡಿ.

ಹಾಗಾದರೆ ಯಾವುದು? 8 ಜಿಬಿ ಇದ್ದು ಕನ್ನಡ ಜಾಸ್ತಿ ಬರೆಯೋರಾದರೆ ಗ್ನೋಮ್. 8 ಜಿಬಿ ಇದ್ದು ಎಲ್ಲವನ್ನೂ ತಿರುಗಿಸಿ ನೋಡುವ ಚಟ ಇದ್ದರೆ ಪ್ಲಾಸ್ಮಾ, ಇಂಟರ್ನಲ್ಸ್ ಹತ್ತಿರ ಇಲ್ಲದಿದ್ದಾಗ ಮಾತ್ರ. 4 ಜಿಬಿಗೆ ಎಕ್ಸ್‌ಎಫ್‌ಸಿಇ, ಜೊತೆಗೆ ಐಬಸ್ ಹಾಕೋಕೆ ಅರ್ಧ ಗಂಟೆ. 2 ಜಿಬಿಯ ಪಾಪದ ಮೆಷಿನ್ನಿಗೆ ಎಲ್‌ಎಕ್ಸ್‌ಕ್ಯೂಟಿ, ಬ್ರೌಸರಿನಲ್ಲಿ ಒಂದೆರಡು ಟ್ಯಾಬಿಗೇ ತೃಪ್ತಿ ಪಡಬೇಕು.

ಇನ್‌ಸ್ಟಾಲ್ ಮಾಡುವ ಮುಂಚೆ ಪೆನ್‌ಡ್ರೈವಿನಿಂದಲೇ ಲೈವ್ ಆಗಿ ಬೂಟ್ ಮಾಡಿ ನೋಡಿ, ಡಿಸ್ಕಿಗೆ ಏನೂ ಆಗಲ್ಲ. ವೈಫೈ ಸಿಗುತ್ತಾ, ಬ್ರೈಟ್‌ನೆಸ್ ಕೀ ಕೆಲಸ ಮಾಡುತ್ತಾ ನೋಡಿಕೊಂಡು, ಕಗಪ ಸೇರಿಸಿ ಟೆಕ್ಸ್ಟ್ ಎಡಿಟರಿನಲ್ಲಿ "ಇಡ್ಲಿ" ಅಂತ ಬರೆದು ನೋಡಿ.