ನಿರ್ಣಯ ಹೊರಡಿಸದ ಮಹಾಸಭೆ

ನಮ್ಮ ಕಡೆ ಸಮ್ಮೇಳನ ಎಂದರೆ ಕೊನೆಯ ದಿನ ಬಹಿರಂಗ ಅಧಿವೇಶನ ಇರಲೇಬೇಕು. ನಿರ್ಣಯಗಳನ್ನು ಓದಬೇಕು, ಸಭಿಕರು ಚಪ್ಪಾಳೆ ತಟ್ಟಿ ಒಪ್ಪಬೇಕು. ಈ ರೂಢಿಯಲ್ಲಿ ಬೆಳೆದವರಿಗೆ ವಿಶ್ವ ಸಾಮಾಜಿಕ ವೇದಿಕೆ ಒಗಟಿನಂತೆ ಕಾಣುತ್ತದೆ. ಸಾವಿರಾರು ಜನ, ಕೆಲವೊಮ್ಮೆ ಲಕ್ಷ ಜನ, ಐದಾರು ದಿನ ಕೂತು ಮಾತಾಡುತ್ತಾರೆ. ಕೊನೆಗೆ ವೇದಿಕೆಯ ಹೆಸರಿನಲ್ಲಿ ಒಂದು ಸಾಲಿನ ನಿರ್ಣಯವೂ ಹೊರಬೀಳುವುದಿಲ್ಲ. ಹಾಗಾದರೆ ಅದು ನಡೆಯುವುದು ಹೇಗೆ? ಅದರಿಂದ ಆಗುವುದೇನು?

ಹುಟ್ಟಿದ್ದು ಏಕೆ

ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ವರ್ಷಕ್ಕೊಮ್ಮೆ ವಿಶ್ವ ಆರ್ಥಿಕ ವೇದಿಕೆ ಸೇರುತ್ತದೆ. ದೊಡ್ಡ ಕಂಪನಿಗಳ ಮುಖ್ಯಸ್ಥರು, ಮಂತ್ರಿಗಳು ಅಲ್ಲಿ ಕೂತು ಜಗತ್ತಿನ ವ್ಯಾಪಾರದ ಬಗ್ಗೆ ಚರ್ಚಿಸುತ್ತಾರೆ. ಆ ವ್ಯಾಪಾರದ ಬಿಸಿ ತಟ್ಟುವ ರೈತ, ಕಾರ್ಮಿಕ, ಮೀನುಗಾರರಿಗೆ ಅಲ್ಲಿ ಕುರ್ಚಿಯಿಲ್ಲ. ಅದೇ ದಿನಗಳಲ್ಲಿ ಇನ್ನೊಂದು ಕಡೆ ಜನರದೇ ಸಭೆ ಸೇರಿಸಬೇಕೆಂಬ ಯೋಚನೆ 2000ದಲ್ಲಿ ಬ್ರೆಜಿಲ್‌ನ ಒಡೆಡ್ ಗ್ರಾಜೆವ್, ಚಿಕೊ ವಿಟಾಕರ್ ಮತ್ತು ಫ್ರಾನ್ಸಿನ ಪತ್ರಕರ್ತ ಬರ್ನಾರ್ ಕಾಸೆನ್ ಅವರ ನಡುವೆ ಮೊಳೆಯಿತು. 2001ರ ಜನವರಿ 25ರಿಂದ 30ರವರೆಗೆ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ ಮೊದಲ ಸಭೆ ನಡೆಯಿತು. ಆ ಊರನ್ನು ಆರಿಸಿದ್ದಕ್ಕೂ ಅರ್ಥವಿತ್ತು. ನಗರದ ಬಜೆಟ್ಟಿನಲ್ಲಿ ಯಾವ ಕಾಮಗಾರಿಗೆ ಮೊದಲು ಹಣ ಸಿಗಬೇಕು ಎಂದು ಅಲ್ಲಿನ ಬಡಾವಣೆಗಳ ಜನ 1989ರಿಂದಲೇ ಸಭೆ ಸೇರಿ ಹೇಳುತ್ತಿದ್ದರು. ಪರ್ಯಾಯ ಹುಡುಕಿ ಬಂದವರಿಗೆ ಒಂದು ಉದಾಹರಣೆ ಕಣ್ಣೆದುರೇ ಇತ್ತು.

ಜಾಗತಿಕ ವ್ಯಾಪಾರವನ್ನು ಪ್ರಶ್ನಿಸುವ ಈ ದನಿಗೆ ಕನ್ನಡ ನಾಡಿನ ಪಾಲೂ ಸೇರಿದೆ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ 1992ರಲ್ಲೇ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಪ್ರತಿಭಟಿಸಿತ್ತು. 1999ರಲ್ಲಿ ನಮ್ಮ ರೈತರು ಯೂರೋಪಿನ ಊರೂರು ಸುತ್ತಿ ತಮ್ಮ ಕಷ್ಟ ಹೇಳಿಕೊಂಡು ಬಂದಿದ್ದರು.

ನಿಯಮಗಳು

ಮೊದಲ ಸಭೆ ಮುಗಿದ ಮೇಲೆ, 2001ರಲ್ಲೇ, 14 ಅಂಶಗಳ ಸನ್ನದು ಸಿದ್ಧವಾಯಿತು. ಅದರ ತಿರುಳು ಇಷ್ಟು:

• ವೇದಿಕೆಯ ಪರವಾಗಿ ಮಾತಾಡುವ ಅಧಿಕಾರ ಯಾರಿಗೂ ಇಲ್ಲ. ವೇದಿಕೆಯಾಗಿ ಮತ ಹಾಕುವುದಿಲ್ಲ, ನಿರ್ಣಯ ಕೈಗೊಳ್ಳುವುದಿಲ್ಲ.

• ರಾಜಕೀಯ ಪಕ್ಷಗಳು ಮತ್ತು ಸೇನಾ ಸಂಘಟನೆಗಳು ಪ್ರತಿನಿಧಿಗಳಾಗಿ ಬರುವಂತಿಲ್ಲ. ಸನ್ನದನ್ನು ಒಪ್ಪುವ ಜನಪ್ರತಿನಿಧಿಗಳನ್ನು ವೈಯಕ್ತಿಕವಾಗಿ ಕರೆಯಬಹುದು.

• ಬಂದ ಸಂಘಟನೆಗಳು ತಮ್ಮ ತಮ್ಮೊಳಗೆ ಯಾವ ತೀರ್ಮಾನವನ್ನಾದರೂ ಮಾಡಿಕೊಳ್ಳಬಹುದು. ವೇದಿಕೆ ಅದನ್ನು ಎಲ್ಲರಿಗೂ ತಲುಪಿಸುತ್ತದೆ.

ಜೀವಾಳ ಇರುವುದು ಈ ಮೂರನೆಯದರಲ್ಲಿ. ಬಯಲು ಎಲ್ಲರದು, ತೀರ್ಮಾನ ಅವರವರದು. ನಿರ್ಣಯಕ್ಕೆ ಮತ ಹಾಕಬೇಕೆಂದರೆ ಬಹುಮತದ ಲೆಕ್ಕ ಶುರುವಾಗುತ್ತದೆ. ಬಲಿಷ್ಠ ಸಂಘಟನೆ ಮೈಕು ಹಿಡಿಯುತ್ತದೆ, ಸಣ್ಣದು ಮೂಲೆಗೆ ಸರಿಯುತ್ತದೆ. ಆ ಜಗಳಕ್ಕೆ ಎಡೆಯಿಲ್ಲದಂತೆ ಮಾಡಿದ್ದು ಈ ನಿಯಮ.

ಪಾಲಿಸುವುದು ಮಾತ್ರ ಸುಲಭವಲ್ಲ. 2005ರಲ್ಲಿ ಜೋಸೆ ಸರಮಾಗೊ, ಎಡ್ವಾರ್ಡೊ ಗಲಿಯಾನೊ ಸೇರಿದಂತೆ 19 ಮಂದಿ ಚಿಂತಕರು ಒಂದು ಪ್ರಣಾಳಿಕೆ ಹೊರಡಿಸಿದರು. ಸಹಿ ಅವರದೇ ಆಗಿದ್ದರೂ, ಅದು ವೇದಿಕೆಯ ದನಿಯೆಂದು ಕೇಳಿಸುವ ಅಪಾಯವಿದೆ ಎಂದು ಒಳಗಿನವರೇ ಆಕ್ಷೇಪಿಸಿದರು. ಒಂದು ಗಟ್ಟಿ ದನಿ ಬೇಕೆನ್ನುವವರಿಗೂ ಬಯಲು ಬಯಲಾಗಿಯೇ ಇರಲಿ ಎನ್ನುವವರಿಗೂ ನಡುವೆ ಈ ವಾದ ಇನ್ನೂ ಮುಗಿದಿಲ್ಲ.

ದಿನಚರಿ

ಮೊದಲ ದಿನ ಮೆರವಣಿಗೆ. ಮರುದಿನದಿಂದ ಗೋಷ್ಠಿಗಳು. ಬಹುಪಾಲು ಗೋಷ್ಠಿಗಳ ವಿಷಯ, ಭಾಷಣಕಾರರು, ಖರ್ಚು ಎಲ್ಲವೂ ಅವನ್ನು ನಡೆಸುವ ಸಂಘಟನೆಗಳದೇ. ಹೆಸರು ನೋಂದಾಯಿಸಿದರೆ ಸಂಘಟಕರು ಜಾಗ, ವೇಳೆ ಕೊಡುತ್ತಾರೆ. ಒಂದೇ ವಿಷಯ ಹಿಡಿದವರಿಗೆ ಒಟ್ಟಿಗೆ ಸೇರಿ ನಡೆಸಿ ಎಂದು ಸೂಚಿಸುತ್ತಾರೆ. ನೀರಿಗಾಗಿ ಹೋರಾಡುವ ಎರಡು ದೇಶಗಳ ಜನ ಪರಸ್ಪರ ಪರಿಚಯವಾಗುವುದು ಹೀಗೆ. ಭಾಷೆಯ ಗೋಡೆ ದಾಟಿಸಲು ಬೇಬಲ್ಸ್ ಎಂಬ ಸ್ವಯಂಸೇವಕ ದುಭಾಷಿಗಳ ಬಳಗ ಹಲವು ವರ್ಷ ದುಡಿಯಿತು.

2004ರ ಜನವರಿ 16ರಿಂದ 21ರವರೆಗೆ ಮುಂಬೈಯ ಗೋರೆಗಾಂವ್‌ನಲ್ಲಿ ನಡೆದ ಸಭೆ ಈ ಪದ್ಧತಿಗೆ ನಮ್ಮ ನೆಲದ ಬಣ್ಣ ಕೊಟ್ಟಿತು. ಭಾರತದ ಸಂಘಟಕರು ಜಾಗತೀಕರಣದ ಪಕ್ಕದಲ್ಲೇ ಜಾತೀಯತೆ, ಕೋಮುವಾದ, ಪುರುಷಪ್ರಾಧಾನ್ಯ, ಯುದ್ಧಗಳನ್ನೂ ಮುಖ್ಯ ವಿಷಯಗಳಾಗಿ ಇಟ್ಟರು. ದಲಿತರು, ಆದಿವಾಸಿಗಳು ದೊಡ್ಡ ಸಂಖ್ಯೆಯಲ್ಲಿ ಬಂದರು. ತಮಟೆ, ಹಾಡು, ಬೀದಿ ನಾಟಕ ಗೋಷ್ಠಿಗಳಷ್ಟೇ ಗಟ್ಟಿಯಾಗಿ ಮಾತಾಡಿದವು. ಸಂಘಟಕರು ಫೋರ್ಡ್ ಪ್ರತಿಷ್ಠಾನದ ಹಣ ಬೇಡವೆಂದರು. ಯಾರ ದುಡ್ಡಿನಲ್ಲಿ ಸೇರುತ್ತೇವೆ ಎಂಬುದೂ ಚರ್ಚೆಯ ವಿಷಯವೇ ಎಂದು ಅವರು ತೋರಿಸಿಕೊಟ್ಟರು.

ಬಾಗಿಲಲ್ಲಿ ನಿಂತವರು

ಬಯಲು ಎಂದ ಮಾತ್ರಕ್ಕೆ ಬೇಲಿ ಇಲ್ಲವೆಂದಲ್ಲ. 2007ರ ನೈರೋಬಿ ಸಭೆಯಲ್ಲಿ ಪ್ರವೇಶ ಶುಲ್ಕ ಭರಿಸಲಾಗದ ಕೊಳೆಗೇರಿ ನಿವಾಸಿಗಳು ಗೇಟಿನ ಎದುರೇ ಪ್ರತಿಭಟಿಸಬೇಕಾಯಿತು. 2016ರಲ್ಲಿ ಮಾಂಟ್ರಿಯಲ್ ಸಭೆಗೆ ಹೊರಟ ನೂರಾರು ಜನರಿಗೆ ಕೆನಡಾದ ವೀಸಾ ಸಿಗಲಿಲ್ಲ. ಬಡವರಿಗಾಗಿ ನಡೆಯುವ ಸಭೆಗೆ ಬಡವರೇ ಬರಲಾಗದಿದ್ದರೆ ಅದಕ್ಕಿಂತ ದೊಡ್ಡ ಸೋಲಿಲ್ಲ. 2024ರ ಫೆಬ್ರವರಿಯಲ್ಲಿ ಸಭೆ ಕಠ್ಮಂಡುವಿಗೆ ಬಂದಿತು. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಕಿಲ್ಲ, ಬಸ್ಸಿನಲ್ಲೂ ಹೋಗಬಹುದು. ಊರಿನ ಆಯ್ಕೆಯೇ ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ಅರ್ಧ ತೀರ್ಮಾನಿಸಿಬಿಡುತ್ತದೆ.

ಫಲ ಎಲ್ಲಿ ಹುಡುಕಬೇಕು

2002ರ ನವೆಂಬರಿನಲ್ಲಿ ಫ್ಲಾರೆನ್ಸ್‌ನಲ್ಲಿ ಇದೇ ಮಾದರಿಯ ಯೂರೋಪಿನ ಸಾಮಾಜಿಕ ವೇದಿಕೆ ಸೇರಿತ್ತು. ಇರಾಕ್ ಯುದ್ಧದ ವಿರುದ್ಧ ಒಂದೇ ದಿನ ಎಲ್ಲ ಕಡೆ ಬೀದಿಗಿಳಿಯೋಣ ಎಂದು ಅಲ್ಲಿದ್ದ ಸಂಘಟನೆಗಳು ಮಾತಾಡಿಕೊಂಡವು. 2003ರ ಜನವರಿಯಲ್ಲಿ ಪೋರ್ಟೊ ಅಲೆಗ್ರೆಗೆ ಬಂದವರು ಆ ಮಾತನ್ನು ತಮ್ಮ ತಮ್ಮ ದೇಶಗಳಿಗೆ ಒಯ್ದರು. ಫೆಬ್ರವರಿ 15ರಂದು ರೋಮ್, ಲಂಡನ್ ಮೊದಲಾಗಿ ನೂರಾರು ನಗರಗಳಲ್ಲಿ ಲಕ್ಷಾಂತರ ಜನ ಬೀದಿಗೆ ಬಂದರು. ಯುದ್ಧ ನಿಲ್ಲಲಿಲ್ಲ ಎಂಬುದು ನಿಜ. ಆದರೆ ಆ ಕರೆಗೆ ವೇದಿಕೆಯ ಮೊಹರು ಇರಲಿಲ್ಲ. ತಾವೇ ಮಾತಾಡಿ ಒಪ್ಪಿದ ದಿನಾಂಕವೆಂದೇ ಜನ ಅದನ್ನು ಪಾಲಿಸಿದರು.

ಮುಂದಿನ ಸಲ ಇಂಥ ಸಭೆಯ ಸುದ್ದಿ ಓದುವಾಗ ಏನು ಘೋಷಿಸಿದರು ಎಂದು ಹುಡುಕಬೇಡಿ. ಯಾರು ಬರಲು ಸಾಧ್ಯವಾಯಿತು, ಯಾರ ಭಾಷೆಯಲ್ಲಿ ಮಾತಾಡಿದರು, ಊರಿಗೆ ಹೊರಡುವಾಗ ಯಾವ ದಿನಾಂಕ ಬರೆದುಕೊಂಡರು ಎಂದು ಕೇಳಿ.